ಹನ್ನೆರಡು ಮಳಿಗೆ ಹೊತ್ತು ದುಬೈಗೆ

ಇಳಿದ ಕೂಡಲೇ

ದುಬೈಯಲ್ಲಿ ನಾನು ಆಡಿದ ಮೊದಲ ಮಾತು ಅಂಗಡಿಗಳ ಬಗ್ಗೆ. ಬಾಗಿಲಲ್ಲೇ ಕೈಸಾಮಾನು ತಪಾಸಣೆ ಮಾಡುವವನು ನನ್ನ ಹೆಗಲಿಗೆ ನೇತುಬಿದ್ದಿದ್ದ ಬಿದಿರಿನ ನಳಿಗೆಯನ್ನು ತೋರಿಸಿ, ಒಳಗೇನಿದೆ ಎಂದು ಹಿಂದಿಯಲ್ಲೇ ಕೇಳಿದ. ‘ಬಾರಾ ದುಕಾನ್’, ಹನ್ನೆರಡು ಅಂಗಡಿ ಎಂದೆ. ಅವನು ನಗಲಿಲ್ಲ. ಮುಚ್ಚಳ ತೆಗೆಸಿದ, ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದ, ನಳಿಗೆಯನ್ನು ಅಲ್ಲಾಡಿಸಿ ಕಿವಿಗೆ ಹಿಡಿದ. ಕೊನೆಗೆ ಅದರಲ್ಲಿದ್ದ ನೀಲಿ ನಕ್ಷೆಯನ್ನು ಎಳೆದು ಮೇಜಿನ ಮೇಲೆ ಹರಡಿದ. ನಾನು ಸುಮ್ಮನಿರಬೇಕಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಇದು ದಾಂಡೇಲಿ ಬಸ್ ಸ್ಟ್ಯಾಂಡು, ಇದು ಕಾಗದದ ಕಾರ್ಖಾನೆಗೆ ಹೋಗುವ ರಸ್ತೆ, ಇಲ್ಲಿ ನೋಡಿ ಏಳನೇ ನಂಬರು ಎಂದು ಬೆರಳಿಟ್ಟು ಶುರುಮಾಡಿಯೇಬಿಟ್ಟೆ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಅವನು ನಕ್ಷೆಯನ್ನು ಸುತ್ತಿ ನನ್ನ ಕಂಕುಳಿಗೆ ತುರುಕಿ ಮುಂದಕ್ಕೆ ತಳ್ಳಿದ.

ಪಾಸ್‌ಪೋರ್ಟ್ ನೋಡುವವನದು ಇನ್ನೊಂದು ತಕರಾರು. ಪುಸ್ತಕದ ಮೇಲಿನ ಸಿಂಹಗಳನ್ನು ನೋಡುತ್ತಾನೆ, ನನ್ನ ಮುಖ ನೋಡುತ್ತಾನೆ, ಮತ್ತೆ ಸಿಂಹಗಳನ್ನು ನೋಡುತ್ತಾನೆ. ಪಕ್ಕದವನನ್ನು ಕರೆದ. ಪಕ್ಕದವನು ನನ್ನದೇ ಬಣ್ಣ, ನನ್ನದೇ ಗುಂಗುರು ಕೂದಲು. ಅವನು ಯಾವುದೋ ಭಾಷೆಯಲ್ಲಿ ನಾಲ್ಕು ಮಾತು ಕೇಳಿದ. ದನಿ ಎಷ್ಟು ಆಪ್ತವಾಗಿತ್ತೆಂದರೆ, ಅರ್ಥವಾಗದ್ದಕ್ಕೆ ನನಗೇ ನಾಚಿಕೆಯಾಯಿತು. ನಾನು ಹಳಿಯಾಳ ತಾಲೂಕಿನ ಸಿದ್ದಿ. ನಮ್ಮ ಹಿರಿಯರು ಎಂದೋ ಆಫ್ರಿಕದಿಂದ ಬಂದವರಂತೆ. ಹೇಗೆ ಬಂದರು, ಯಾರು ತಂದರು ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿದವರಿಲ್ಲ. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಿನಿಮಾದಿಂದ ಕಲಿತ ಹಿಂದಿ, ಇಷ್ಟೇ ನನ್ನ ಬಂಡವಾಳ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಕನ್ನಡ. ‘ತಿಳೀಲಿಲ್ರಿ’ ಎಂದೆ. ಅವನು ಮುಖ ಸಪ್ಪೆ ಮಾಡಿಕೊಂಡು ಹೊರಟುಹೋದ.

ಹಿಂದೆ ಬಿಟ್ಟುಬಂದ ದಾಂಡೇಲಿ

ನಾನು ಯಾಕೆ ಹೋದೆ ಎಂಬುದನ್ನು ಹೇಳದೆ ಮುಂದೆ ಹೋದರೆ ಓದುವವರಿಗೆ ಅನ್ಯಾಯವಾಗುತ್ತದೆ.

ಮೊದಲು ನಾನು ಟೂರಿಂಗ್ ಟಾಕೀಸಿನ ಜೀಪಿನಲ್ಲಿ ಮೈಕು ಹಿಡಿದು ಕೂಗುವವನಾಗಿದ್ದೆ. ಹಳಿಯಾಳ, ತೇರಗಾಂವ, ಮುಂಡಗೋಡ ಎಂದು ಧೂಳೆಬ್ಬಿಸಿಕೊಂಡು ತಿರುಗುತ್ತಿದ್ದೆವು. ಸಿನಿಮಾದಲ್ಲಿ ಇಲ್ಲದ ಹುಲಿಯನ್ನು ನಾನು ಮೈಕಿನಲ್ಲಿ ಸೇರಿಸುತ್ತಿದ್ದೆ. ಹುಲಿ ಎಲ್ಲಿ ಎಂದು ಜನ ಕೇಳುವ ಹೊತ್ತಿಗೆ ಜೀಪು ಮುಂದಿನ ಊರಿನಲ್ಲಿರುತ್ತಿತ್ತು.

ಮುಂಡಗೋಡದಲ್ಲಿ ಒಮ್ಮೆ ಜೀಪು ಕೆಟ್ಟು ನಿಂತಿತು. ಎದುರಿಗೆ ಎರಡು ವರ್ಷದಿಂದ ಬಾಡಿಗೆಗೆ ಹೋಗದ ಒಂದು ಮಳಿಗೆ. ಇದನ್ನೂ ಸ್ವಲ್ಪ ಕೂಗಿಬಿಡೋ ಎಂದು ಅದರ ಮಾಲೀಕ ನನ್ನ ಬೆನ್ನು ಹತ್ತಿದ. ಅವತ್ತು ಸಂತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಆ ಮುಚ್ಚಿದ ಬಾಗಿಲ ಮುಂದೆ ಯಾರು ಹಾದರು, ಯಾರು ನೆರಳಿಗೆ ನಿಂತರು, ಯಾರು ಏನು ಹುಡುಕಿ ಸಿಗದೆ ಹೋದರು ಎಂದು ನೋಡಿದ್ದೆ. ಅದನ್ನೇ ಮೈಕಿನಲ್ಲಿ ಹೇಳಿದೆ. ಟಿಬೆಟಿ ಲಾಮಾ ಒಬ್ಬರು ಟಾರ್ಚಿನ ಸೆಲ್ಲಿಗಾಗಿ ಮೂರು ಸಲ ಓಡಾಡಿದ್ದನ್ನು ಹೇಳಿದೆ. ಸಂತೆ ಕದಲುವ ಮುಂಚೆ ಮಳಿಗೆ ಹೋಯಿತು. ಹಿಡಿದವನು ಇಂದಿಗೂ ಅಲ್ಲಿ ಸೆಲ್ಲು ಮಾರುತ್ತಾನೆ.

ಅಂದಿನಿಂದ ನಾನು ಮಳಿಗೆಗಳ ದಲ್ಲಾಳಿಯಾದೆ. ಬೇರೆ ದಲ್ಲಾಳಿಗಳು ಟೇಪು ಹಿಡಿದು ಅಳೆಯುತ್ತಾರೆ. ನಾನು ಮಳಿಗೆಯ ಎದುರು ಒಂದು ಪೂರ್ತಿ ದಿನ ಕೂರುತ್ತೇನೆ, ಆಮೇಲೆ ಹತ್ತು ಜನರ ಮುಂದೆ ಆ ದಿನದ ಕತೆ ಹೇಳುತ್ತೇನೆ. ಕೂರದ ಮಳಿಗೆಯ ಕತೆ ಹೇಳುವುದಿಲ್ಲ. ಜೋಯಿಡಾದಲ್ಲಿ, ರಾಮನಗರದಲ್ಲಿ ಒಂದೊಂದಾಗಿ ಹೀಗೆ ಕೊಡಿಸಿದೆ. ಕತೆ ಹೇಳುವ ಇನಾಸ ಎಂದರೆ ಜನ ಗುರುತು ಹಿಡಿಯುವಷ್ಟು ಆಯಿತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಾಂಡೇಲಿಯ ಸಾಹುಕಾರರೊಬ್ಬರು ಬಸ್ ಸ್ಟ್ಯಾಂಡಿನ ಹತ್ತಿರ ಹನ್ನೆರಡು ಮಳಿಗೆಗಳ ಕಾಂಪ್ಲೆಕ್ಸ್ ಕಟ್ಟಿಸಿದರು. ಗಿಲಾವು ಒಣಗಿ ಬಿರುಕು ಬಿಡುವ ಹಂತಕ್ಕೆ ಬಂದರೂ ಒಂದೂ ಹೋಗಿರಲಿಲ್ಲ. ನನ್ನನ್ನು ಕರೆಸಿದರು.

‘ಇನಾಸ, ದುಬೈದಾಗ ನಮ್ಮ ಕಡೀ ಮಂದಿ ಭಾಳ ಅದಾರ. ಎಲ್ಲಾರಿಗೂ ಊರಾಗ ಒಂದು ಮಳಿಗಿ ಇರಬೇಕು ಅಂತ ಆಸೆ ಇರತೈತಿ. ಖರ್ಚು ನಂದು. ಹೋಗಿ ನಿನ್ನ ಕಥಿ ಹೇಳು. ಆರು ಮಳಿಗಿ ಹೋದ್ವು ಅಂದ್ರ ಇಡೀ ಬಿಲ್ಡಿಂಗ ನಿನ್ನ ಕೈಯಾಗ. ಮೆಟ್ಟಲ ಕೆಳಗಿನ ಖೋಲಿ ನಿನಗ ಆಫೀಸು, ಹೆಸರಿನ ಬೋರ್ಡ್ ಹಾಕ್ಕೋ. ಆಗಲಿಲ್ಲಾ, ಹುಬ್ಬಳ್ಳಿಯಾಂವ ಒಬ್ಬ ದಲ್ಲಾಳಿ ಕಾಯಾಕತ್ತಾನ. ಉಳಿದದ್ದೆಲ್ಲಾ ಅಂವಗ.’

ಆ ರಸ್ತೆಯಲ್ಲಿ ಸಿದ್ದಿಯೊಬ್ಬನ ಹೆಸರಿದ್ದ ಬೋರ್ಡನ್ನು ನಾನಂತೂ ನೋಡಿರಲಿಲ್ಲ. ನನ್ನ ಅಪ್ಪ ಅದೇ ರಸ್ತೆಯಲ್ಲಿ ಕಟ್ಟಿಗೆ ಲಾರಿ ತುಂಬಿದವನು. ಆ ಬೋರ್ಡು ನನಗೆ ಬೇಕಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಬೇಕಿತ್ತು. ಹೊರಡುವ ಮುಂಚೆ ಏಳನೇ ಮಳಿಗೆಯ ಎದುರು ಒಂದು ದಿನ ಕೂತೆ. ಉಳಿದವುಗಳ ಎದುರು ಕೂರಲು ವೀಸಾದ ತಾರೀಖು ಬಿಡಲಿಲ್ಲ.

ಖಾಡಿಯ ಈ ದಂಡೆ

ಸಾಹುಕಾರರು ಮೊದಲೇ ಹೇಳಿ ಕಳಿಸಿದ್ದರಿಂದ ಇಸ್ಮಾಯಿಲ್ ಎಂಬ ದಾಂಡೇಲಿಯ ಹುಡುಗ ನನ್ನನ್ನು ಕರೆದೊಯ್ಯಲು ಬಂದಿದ್ದ. ಹುಡುಗ ಎಂದರೆ ಮೂವತ್ತೈದು ದಾಟಿದವನು. ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಬಂದು ಎಂಟು ವರ್ಷವಾಗಿತ್ತು. ಊರಲ್ಲಿ ಹೆಂಡತಿ ಜೈನಬಿ ಬಟ್ಟೆ ಹೊಲಿಯುತ್ತಾಳೆ, ಒಂಬತ್ತು ವರ್ಷದ ಮಗಳಿದ್ದಾಳೆ. ಎಂಟು ವರ್ಷದಲ್ಲಿ ಎರಡೇ ಸಲ ಊರಿಗೆ ಹೋಗಿದ್ದಾನೆ. ತೊಟ್ಟಿದ್ದ ಅಂಗಿಯ ಕಾಲರು ಹಿಡಿದು ತೋರಿಸಿ, ‘ನಮ್ಮಾಕಿ ಹೊಲದದ್ರಿ. ನನ್ನ ಅಳತಿ ಅಕೀಗೆ ನೆನಪಿಲ್ಲ, ದೊಡ್ಡದಾಗೈತಿ’ ಎಂದು ನಕ್ಕ.

ಅವನ ಕೋಣೆಯಲ್ಲಿ ಆರು ಜನ. ನನ್ನನ್ನೂ ಸೇರಿಸಿ ಏಳು. ಅಲ್ಲಿಯ ಒಂದು ಪದ್ಧತಿ ನನಗೆ ಬಹಳ ಇಷ್ಟವಾಯಿತು. ಊರಿಂದ ಬಂದವರು ಯಾರಾದರೂ ಮನೆಯವರು ಮಾತಾಡಿ ತುಂಬಿಸಿದ ಕ್ಯಾಸೆಟ್ಟು ತಂದುಕೊಟ್ಟರೆ, ಅದನ್ನು ಹಾಕುವ ಮುಂಚೆ ಉಳಿದವರೆಲ್ಲ ಎದ್ದು ಹೊರಗಿನ ಮೆಟ್ಟಿಲಿಗೆ ಹೋಗುತ್ತಾರೆ. ಯಾರೂ ಹೇಳಬೇಕಿಲ್ಲ. ಒಳಗಿರುವವನು ಒಬ್ಬನೇ ಹೆಂಡತಿಯ ದನಿ ಕೇಳುತ್ತಾನೆ. ಹೊರಗೆ ಐವರು ಮೆಟ್ಟಿಲ ಮೇಲೆ ಕೂತು ಕಡ್ಲೆಕಾಯಿ ಸುಲಿಯುತ್ತಾರೆ. ನಮ್ಮ ಕಡೆ ಒಂದು ಕಾಗದ ಬಂದರೆ ಓಣಿಯೇ ಸೇರಿ ಓದಿಸಿಕೊಳ್ಳುತ್ತದೆ.

ಬೆಳಿಗ್ಗೆ ಇಸ್ಮಾಯಿಲ್ ಕೆಲಸಕ್ಕೆ ಹೋದರೆ ನಾನು ಖಾಡಿಯ ದಂಡೆಗೆ ಹೋಗುತ್ತಿದ್ದೆ. ಖಾಡಿ ಎಂದರೆ ಸಮುದ್ರವೇ ಊರೊಳಗೆ ನುಗ್ಗಿ ಮಲಗಿದ ಹಾಗೆ ಒಂದು ನೀರು. ನದಿಯಲ್ಲ, ಎಲ್ಲಿಂದಲೂ ಹರಿದು ಬರುವುದಿಲ್ಲ. ಕಾಳಿ ನದಿ ನೋಡಿದ ಕಣ್ಣಿಗೆ ಇದೊಂದು ವಿಚಿತ್ರ. ಅದರ ಮೇಲೆ ಅಬ್ರಾ ಎಂಬ ಮರದ ದೋಣಿಗಳು ಜನರನ್ನು ಈಚೆಯಿಂದ ಆಚೆಗೆ ಸಾಗಿಸುತ್ತಲೇ ಇರುತ್ತವೆ. ದೋಣಿಯವನು ಒಂದು ಮಾತೂ ಆಡುವುದಿಲ್ಲ. ಇಪ್ಪತ್ತು ಜನ ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಾರೆ, ಅವರೂ ಆಡುವುದಿಲ್ಲ. ಬಿಸಿಲಿನ ಮಬ್ಬಿನಲ್ಲಿ ಆಚೆ ದಂಡೆಯ ಮಸೀದಿ, ಮನೆ, ಮನೆಗಳ ಮೇಲಿನ ಗಾಳಿ ಹಿಡಿಯುವ ಗೋಪುರಗಳೆಲ್ಲ ನೀರಿಗಿಂತ ಒಂದು ಮೊಳ ಮೇಲೆ ತೇಲುತ್ತಿದ್ದವು. ನಾನು ಎಚ್ಚರವಾಗಿದ್ದೇನೋ, ಇಲ್ಲ ಇನ್ನೂ ವಿಮಾನದಲ್ಲಿ ತೂಕಡಿಸುತ್ತಿದ್ದೇನೋ ಎಂದು ಎಷ್ಟೋ ಸಲ ಅನುಮಾನ ಬಂತು. ಇಳಿಯುವುದನ್ನೇ ಮರೆತು ಒಂದು ದಿನ ಆರು ಸಲ ಆಚೆಗೂ ಈಚೆಗೂ ಹೋದೆ. ದೋಣಿಯವನು ಆರು ಸಲವೂ ಕೈಚಾಚಿದ.

ದಂಡೆಯ ಹತ್ತಿರ ಮಸಾಲೆ ಬಜಾರು. ಅಭ್ಯಾಸಬಲ ನೋಡಿ, ಒಂದು ಅಂಗಡಿಯ ಎದುರು ಕೂತುಬಿಟ್ಟೆ. ಅಲ್ಲಿಯ ಅಂಗಡಿಗಳಿಗೆ ಕಟ್ಟೆಯೇ ಇಲ್ಲ, ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಅಂಗಡಿಯವನು ಸಲೀಂ, ಆಫ್ರಿಕದ ಝಂಜಿಬಾರಿನವನು. ನನ್ನನ್ನು ನೋಡಿದವನೇ ತನ್ನ ಭಾಷೆಯಲ್ಲಿ ಶುರುಮಾಡಿದ. ನಾನು ತಲೆಯಾಡಿಸಿದೆ. ಸ್ವಂತ ಮಾತು ಮರೆತವನ ಹಾಗೆ ನಾಟಕ ಮಾಡುತ್ತೀಯಾ ಎಂದು ಹಿಂದಿಯಲ್ಲಿ ರೇಗಿದ. ನನಗೂ ಸಿಟ್ಟು ಬಂದು ಕೊಂಕಣಿಯಲ್ಲಿ ಬೈದೆ. ಅವನು ಅರ್ಧ ನಿಮಿಷ ನನ್ನನ್ನೇ ನೋಡಿ, ಒಳಗಿಂದ ಒಂದು ಸ್ಟೂಲು ತಂದಿಟ್ಟ. ಮರುದಿನ ನಮ್ಮ ದಮಾಮಿ ಡೋಲಿನ ಪೆಟ್ಟನ್ನು ಲವಂಗದ ಡಬ್ಬಿಯ ಮೇಲೆ ಬಾರಿಸಿ ತೋರಿಸಿದೆ. ಎಂದಾದರೂ ಕೇಳಿದ್ದೀಯಾ ಎಂದೆ. ಕಣ್ಣು ಮುಚ್ಚಿ ಕೇಳಿ, ಇಲ್ಲ ಎಂದ. ನನಗೆ ಬೇಸರವಾಯಿತು, ಅವನಿಗೂ ಆಗಿರಬೇಕು. ಶುಂಠಿ ಹಾಕಿದ ಚಹಾ ತರಿಸಿದ.

ಮೊದಲ ಶುಕ್ರವಾರ

ಮಲಯಾಳಿಯೊಬ್ಬರ ಊಟದ ಹೋಟೆಲಿನಲ್ಲಿ ಮಧ್ಯಾಹ್ನದ ನಮಾಜಿನ ನಂತರ ಸಭೆ. ಹಳಿಯಾಳ, ದಾಂಡೇಲಿ, ಮುಂಡಗೋಡದವರು ನಲವತ್ತು ಮಂದಿ ಸೇರಿದ್ದರು. ಎದ್ದು ನಿಂತೆ. ಜೀಪಿನಲ್ಲಿ ಕೂಗುವವನಿಗೆ ಮುಖಗಳು ಹಾದುಹೋಗುತ್ತವೆ. ಸಂತೆಯಲ್ಲಿ ಜನ ಒಂದು ಕಿವಿ ಕೊಟ್ಟು ಇನ್ನೊಂದು ಕಿವಿಯಲ್ಲಿ ಮೆಣಸಿನಕಾಯಿ ದರ ಕೇಳುತ್ತಾರೆ. ಇಲ್ಲಿ ನಲವತ್ತು ಜನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಕಟ್ಟಿ ಕೂತು, ನನ್ನನ್ನೇ ನೋಡುತ್ತಿದ್ದರು. ನಾಲಿಗೆ ಹೊರಳಲಿಲ್ಲ. ನಳಿಗೆಯಿಂದ ನಕ್ಷೆ ತೆಗೆದು ಗೋಡೆಗೆ ಹಚ್ಚಿದೆ, ಅದು ಸುರುಳಿ ಸುತ್ತಿಕೊಂಡು ಕೆಳಗೆ ಬಿತ್ತು. ಯಾರೋ ನಕ್ಕರು. ಆ ನಗೆಯಿಂದ ನನಗೆ ಉಸಿರು ಬಂತು.

‘ಮುಂಜಾನಿ ಆರು ಗಂಟೆ. ಕಾರ್ಖಾನೀ ಭೋಂಗಾ ಕೂಗಿತು’ ಎಂದೆ.

ಏಳನೇ ಮಳಿಗೆಯ ಎದುರು ನಾನು ಕೂತ ದಿನವನ್ನು ಹೇಳುತ್ತ ಹೋದೆ. ರಾತ್ರಿ ಪಾಳಿ ಮುಗಿಸಿದವರು ಸೈಕಲ್ಲಿನಿಂದ ಇಳಿಯದೆಯೇ ಒಂದು ಕಾಲು ಊರಿ ಬೀಡಿ ಕೇಳುವುದು. ಹಳಿಯಾಳದ ಮೊದಲ ಬಸ್ಸು, ಅದರ ಮೇಲೆ ಬದನೆಕಾಯಿಯ ಬುಟ್ಟಿಗಳು. ಜೋಯಿಡಾದಿಂದ ಮೊಮ್ಮಗನನ್ನು ಎತ್ತಿಕೊಂಡು ಬಂದ ಅಜ್ಜಿ ಕೊಂಕಣಿಯಲ್ಲಿ ದವಾಖಾನೆಯ ದಾರಿ ಕೇಳಿದ್ದು, ಮೂವರು ಮೂರು ದಿಕ್ಕು ತೋರಿಸಿದ್ದು. ರಾಮನಗರದ ಲಾರಿಯವನು ನಿಲ್ಲಿಸಿ ಹಗ್ಗ ಎಲ್ಲಿ ಸಿಗುತ್ತದೆ ಎಂದದ್ದು. ನಾನು ಯಾವುದನ್ನೂ ಮಾರುತ್ತಿರಲಿಲ್ಲ, ನೋಡಿದ್ದನ್ನು ಹೇಳುತ್ತಿದ್ದೆ ಅಷ್ಟೆ. ಒಬ್ಬ ಮಧ್ಯದಲ್ಲೇ ಕೇಳಿದ, ‘ಆ ಬೇವಿನ ಗಿಡಾ ಅದ ಏನ್ರಿ ಇನ್ನೂ?’ ಅದೆ ಎಂದೆ. ಅವನು ಪಕ್ಕದವನ ತೊಡೆ ಚಿವುಟಿದ. ಹೋಟೆಲಿನ ಫ್ಯಾನು ತಿರುಗುತ್ತಿತ್ತು. ಅದರ ಕೆಳಗೆ ನಲವತ್ತು ಜನ ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದರು. ನಾನು ಅವರನ್ನೆಲ್ಲ ನಿದ್ದೆಯಲ್ಲಿ ಕೈಹಿಡಿದು ನಡೆಸಿಕೊಂಡು ಹೋಗುತ್ತಿದ್ದೇನೆ ಅನ್ನಿಸಿತು.

ಕತೆ ಮುಗಿಯಿತು, ಎಡವಟ್ಟು ಶುರುವಾಯಿತು. ಎಲ್ಲರಿಗೂ ಏಳನೇ ಮಳಿಗೆಯೇ ಬೇಕು. ಬೀಡಿ ಕೇಳಿದವನೂ, ಅಜ್ಜಿಯೂ, ಹಗ್ಗದ ಲಾರಿಯೂ ಇದ್ದದ್ದು ಏಳರ ಎದುರಲ್ಲವೇ? ಉಳಿದ ಹನ್ನೊಂದಕ್ಕೆ ಕತೆಯೇ ಇರಲಿಲ್ಲ. ಬಾಡಿಗೆ ಹನ್ನೆರಡಕ್ಕೂ ಒಂದೇ ಎಂದು ಸಾಹುಕಾರರು ಬೇರೆ ಇಟ್ಟಿದ್ದರು. ಹಳಿಯಾಳದ ಮಕ್ತುಮಭಾಯಿ ಎದ್ದರು. ದುಬೈಯಲ್ಲಿ ಕಟ್ಟಡದ ಕಂಟ್ರಾಕ್ಟರ್, ಅಲ್ಲಿದ್ದವರಲ್ಲಿ ದೊಡ್ಡ ಕುಳ.

‘ಆರು, ಏಳು, ಎಂಟು ಮೂರೂ ನನಗ ಇರಲಿ. ಏಳು ಇಲ್ಲಂದ್ರ ಮೂರೂ ಬ್ಯಾಡ’ ಎಂದರು.

ಯಾರೂ ಎದುರಾಡಲಿಲ್ಲ. ಇನ್ನಿಬ್ಬರು ರಸ್ತೆ ಮಗ್ಗುಲಿನ ಎರಡು ಮತ್ತು ಮೂರನೇ ನಂಬರು ಹಿಡಿದರು. ಐದಾಯಿತು. ನನಗೆ ಬೋರ್ಡಿನ ಅಕ್ಷರಗಳು ಕಾಣತೊಡಗಿದವು. ಜನ ಎದ್ದು ಹೊರಡುವ ಹೊತ್ತಿಗೆ ಇಸ್ಮಾಯಿಲ್ ನಕ್ಷೆಯ ಹತ್ತಿರ ಬಂದು ಬಹಳ ಹೊತ್ತು ನೋಡಿದ. ಹಿಂದಿನ ಮೂಲೆಯಲ್ಲಿ ಬೆರಳಿಟ್ಟ.

‘ಅಣ್ಣಾ, ಇದು ಹನ್ನೊಂದನೇದಲ್ರಿ? ಇದರ ಕಥಿ ಹೇಳ್ರಿ.’

ಹನ್ನೊಂದರ ಎದುರು ನಾನು ಕೂತಿರಲಿಲ್ಲ. ಕೂರುವಂಥದ್ದು ಅಲ್ಲಿ ಏನೂ ಇರಲಿಲ್ಲ. ಅದು ಕಟ್ಟಡದ ಬೆನ್ನಿಗಿದೆ, ಎದುರಿಗೆ ಹಳೆಯ ಕಾಂಪೌಂಡ್ ಗೋಡೆ, ದಾರಿ ಅಲ್ಲಿಗೇ ಮುಗಿಯುತ್ತದೆ. ಹೊರಟಿದ್ದ ಜನ ಬಾಗಿಲಲ್ಲಿ ನಿಂತು ತಿರುಗಿ ನೋಡಿದರು. ಆರನೆಯದು ಇದು. ನನ್ನೊಳಗಿನ ಜೀಪು ಹೊರಟೇಬಿಟ್ಟಿತು.

ಶಾಲೆ ಬಿಟ್ಟ ಹುಡುಗಿಯರು ಆ ಕಡೆಯಿಂದಲೇ ಹಾಯುತ್ತಾರೆ ಎಂದೆ. ಒಬ್ಬಳ ಲಂಗದ ಅಂಚು ಬಿಚ್ಚಿದೆ, ಇನ್ನೊಬ್ಬಳಿಗೆ ಆಗಸ್ಟ್ ಹದಿನೈದಕ್ಕೆ ಬಿಳಿ ಅಂಗಿ ಬೇಕು. ಒಳಗೆ ಜೈನಬಿ ಮೆಷಿನ್ ತುಳಿಯುತ್ತಿದ್ದಾಳೆ. ಕಟ್ಟೆಯ ಮೇಲೆ ಮಗಳು ಕೂತು ಮಗ್ಗಿ ಬರೆಯುತ್ತಿದ್ದಾಳೆ. ಪಕ್ಕದಂಗಡಿಯವನು ಚಹಾ ಕಳಿಸುತ್ತಾನೆ. ಸಂಜೆ ಶಟರ್ ಬಿಗಿಯಾಗಿದೆ, ಅವಳ ಕೈಲಿ ಎಳೆಯಲಾಗುವುದಿಲ್ಲ. ದಾರಿಗೆ ಹೋಗುವ ಯಾರೋ ಪುಣ್ಯಾತ್ಮ ಬಂದು ಎಳೆದುಕೊಡುತ್ತಾನೆ. ತಾಯಿ ಮಗಳು ಕೈಹಿಡಿದುಕೊಂಡು ಮನೆಯ ಕಡೆ ನಡೆಯುತ್ತಾರೆ.

ಇಸ್ಮಾಯಿಲ್ ನೆಲ ನೋಡುತ್ತಾ ಕೇಳಿಸಿಕೊಂಡ. ‘ನನಗ ಬರಕೋರಿ’ ಎಂದಷ್ಟೇ ಹೇಳಿದ. ಬಾಗಿಲಲ್ಲಿ ನಿಂತಿದ್ದವರು ಚಪ್ಪಾಳೆ ತಟ್ಟಿದರು. ನನಗೆ ಅವತ್ತು ಬಿರಿಯಾನಿ ಬಹಳ ರುಚಿಯಾಗಿತ್ತು.

ಮಂಗಳವಾರ, ಮಸಾಲೆ ಅಂಗಡಿ

ಮೂರು ದಿನ ತೇಲಾಡಿದೆ. ಎಲ್ಲ ಅಂಗಡಿಗಳ ಬೋರ್ಡು ಓದುತ್ತ ನಡೆದೆ. ಅರಬ್ಬಿ ಬಾರದು, ಆದರೂ ಅಕ್ಷರಗಳ ದಪ್ಪ ನೋಡಿ ನನ್ನದು ಇಷ್ಟಿರಲಿ, ಇಷ್ಟು ಬೇಡ ಎಂದುಕೊಂಡೆ. ಗಾಜಿನ ದೊಡ್ಡ ಅಂಗಡಿಯೊಂದರೊಳಗೆ ಹೋಗಿ ತಣ್ಣಗಿನ ಗಾಳಿಯಲ್ಲಿ ನಿಂತರೆ, ಯಾರೂ ಏನು ಬೇಕು ಎಂದು ಕೇಳಲಿಲ್ಲ. ಯಾರೂ ಮಾತಾಡಿಸದ ಅಂಗಡಿಯಲ್ಲಿ ಜನ ಹೇಗೆ ಕೊಳ್ಳುತ್ತಾರೋ ತಿಳಿಯದು. ಹೊರಬಂದರೆ ಬಿಸಿಲಿಗೆ ಕನ್ನಡಕದ ಗಾಜು ಬೆವೆತು, ಊರೆಲ್ಲ ಹಾಲಿನಲ್ಲಿ ಅದ್ದಿದಂತೆ ಕಂಡಿತು. ಹಾಗೆಯೇ ತಡವರಿಸುತ್ತ ನಡೆದು ಯಾರದೋ ಕೈಗಾಡಿಯ ಖರ್ಜೂರದ ರಾಶಿಗೆ ಕೈ ಊರಿದೆ. ಗಾಡಿಯವನು ಬೈಯಲಿಲ್ಲ. ಕೈಗೆ ಅಂಟಿದ್ದನ್ನು ತಿನ್ನು ಎಂದು ಸನ್ನೆ ಮಾಡಿದ.

ಮಂಗಳವಾರ ಸಲೀಮನ ಸ್ಟೂಲಿನ ಮೇಲೆ ಕೂತಿದ್ದೆ. ಅವನ ವ್ಯಾನು ರಿಪೇರಿಗೆ ಹೋಗುವುದು ಇಸ್ಮಾಯಿಲನ ಗ್ಯಾರೇಜಿಗೆ.

‘ನಿನ್ನ ಊರಿನ ಹುಡುಗ ಅರಬಾಬನಿಗೆ ಕೆಲಸ ಬಿಡುತ್ತೇನೆ ಎಂದು ಹೇಳಿಬಿಟ್ಟ, ಗೊತ್ತೇ?’ ಎಂದ ಸಲೀಂ. ಅರಬಾಬ ಎಂದರೆ ಅಲ್ಲಿಯ ಮಾಲೀಕ, ವೀಸಾ ಅವನ ಕೈಯಲ್ಲಿ. ‘ಎಂಟು ವರ್ಷದ ಕೆಲಸಗಾರ. ಅರಬಾಬ ಎಷ್ಟು ಹೇಳಿದರೂ ಇವನು ಕೇಳಲಿಲ್ಲವಂತೆ. ಊರಲ್ಲಿ ಹೆಂಡತಿಗೆ ಅಂಗಡಿ ಸಿಕ್ಕಿದೆಯಂತೆ, ಹೊಲಿಗೆ ಅಂಗಡಿ. ಶಾಲೆಯ ದಾರಿಯಂತೆ.’

ಚಹಾದ ಲೋಟ ಕೆಳಗಿಟ್ಟೆ. ಸಲೀಂ ಏಲಕ್ಕಿ ತೂಗುತ್ತಿದ್ದ, ನನ್ನನ್ನು ನೋಡಲಿಲ್ಲ. ಹನ್ನೊಂದರ ಎದುರಿನ ಗೋಡೆ ಕಣ್ಣ ಮುಂದೆ ಬಂದು ನಿಂತಿತು, ಅದರ ಪಾಚಿಯ ಸಮೇತ. ಜೈನಬಿ ಅಲ್ಲಿ ಮೆಷಿನ್ ಹಾಕಿಕೊಂಡು ಕೂತರೆ ದಿನಕ್ಕೆ ಒಂದು ಬೆಕ್ಕು ಹಾಯ್ದರೆ ಹೆಚ್ಚು. ವೀಸಾ ರದ್ದಾದ ಮೇಲೆ ಇಸ್ಮಾಯಿಲ್ ತಿರುಗಿ ಬರುವಂತೆಯೂ ಇಲ್ಲ. ಸಿನಿಮಾಕ್ಕೆ ಸೇರಿಸಿದ ಹುಲಿ ಯಾರನ್ನೂ ಕಚ್ಚಿರಲಿಲ್ಲ.

ಮೂರು ದಿನ ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಆರು ಐದಾಗುತ್ತದೆ, ಬೋರ್ಡು ಹೋಗುತ್ತದೆ. ಕೋಣೆಯಲ್ಲಿ ಇಸ್ಮಾಯಿಲ್ ಟ್ರಂಕು ಖಾಲಿ ಮಾಡಿ ಮತ್ತೆ ತುಂಬುತ್ತಿದ್ದ. ಮಗಳಿಗೆ ತಂದ ಗೊಂಬೆ ಅವಳ ವಯಸ್ಸಿಗೆ ಚಿಕ್ಕದಾಯಿತೇ ಎಂದು ನನ್ನನ್ನೇ ಕೇಳಿದ. ಚೊಲೋ ಐತಿ ಎಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಎರಡನೇ ಶುಕ್ರವಾರ

ಅದೇ ಹೋಟೆಲು, ಹಿಂದಿನ ವಾರಕ್ಕಿಂತ ಹೆಚ್ಚು ಜನ. ಕತೆ ಚೆನ್ನಾಗಿದೆಯಂತೆ ಎಂದು ಅಬುಧಾಬಿಯಿಂದಲೂ ನಾಲ್ವರು ಬಂದಿದ್ದರು. ಮಕ್ತುಮಭಾಯಿ ಮುಂದಿನ ಕುರ್ಚಿಯಲ್ಲಿ ಕೂತು ಪೆನ್ನು ತೆರೆದಿಟ್ಟಿದ್ದರು. ಸಹಿ ಹಾಕುವ ದಿನ ಅದು.

ಎದ್ದು ನಿಂತೆ. ಈ ಸಲ ನಕ್ಷೆಯನ್ನು ಮೊದಲೇ ನಾಲ್ಕೂ ಮೂಲೆ ಒತ್ತಿ ಗೋಡೆಗೆ ಹಚ್ಚಿದೆ.

‘ಹೋದ ವಾರ ನಾ ಎರಡು ಕಥಿ ಹೇಳಿದೆ. ಏಳನೇದರದು ನೋಡಿ ಹೇಳಿದ್ದು. ಹನ್ನೊಂದನೇದರದು ಸುಳ್ಳು. ಅದರ ಮುಂದ ನಾ ಕೂತಿಲ್ಲ. ಅಲ್ಲಿ ಗೋಡಿ ಐತಿ, ದಾರಿ ಇಲ್ಲ, ಸಾಲಿ ಹುಡುಗ್ಯಾರೂ ಇಲ್ಲ.’

ನಾನು ನಕ್ಷೆಯ ಮೇಲೆ ಒಂದೊಂದೇ ನಂಬರು ತೋರಿಸಿ, ಯಾವುದಕ್ಕೆ ಮಳೆಗಾಲದಲ್ಲಿ ನೀರು ನುಗ್ಗಬಹುದು, ಯಾವುದು ಬಸ್ಸಿನ ಹೊಗೆಗೆ ಎದುರಾಗಿದೆ, ಯಾವುದ್ಯಾವುದನ್ನು ನಾನು ಸರಿಯಾಗಿ ನೋಡಿಯೇ ಇಲ್ಲ ಎಂದು ಹೇಳಿದೆ. ನಾನು ಇಷ್ಟು ಕೆಟ್ಟದಾಗಿ ಎಂದೂ ಮಾತಾಡಿರಲಿಲ್ಲ. ಮಾತು ತೊದಲಿತು, ಎರಡು ಸಲ ನೀರು ಕುಡಿದೆ. ಕೊನೆಗೆ ಮಕ್ತುಮಭಾಯಿಯ ಕಡೆ ತಿರುಗಿದೆ.

‘ಭಾಯಿ, ಏಳನೇದು ಇಸ್ಮಾಯಿಲಗ ಹೋಗಬೇಕು. ನನ್ನ ಮಾತು ಕೇಳಿ ಅಂವ ನೌಕರಿ ಬಿಟ್ಟಾನ.’

ಮಕ್ತುಮಭಾಯಿ ಪೆನ್ನಿನ ಮುಚ್ಚಳ ಹಾಕಿದರು. ಕೆಟ್ಟ ಮನುಷ್ಯನಲ್ಲ ಅವರು. ‘ಖರೇ ಹೇಳಿದಿ, ಅದು ಚೊಲೋ ಆತು. ಆದ್ರ ಮಾತು ಮಾತೇ ಅಲ್ಲೇನೋ ಇನಾಸ? ನನಗ ಏಳು ಅಂತ ಹೇಳಿ ಈಗ ಇಲ್ಲಂತಿ. ಬ್ಯಾಡ ಬಿಡು’ ಎಂದು ಎದ್ದರು. ಅವರ ಜೊತೆ ಅವರ ಕೈಕೆಳಗಿನ ಹತ್ತು ಹನ್ನೆರಡು ಜನ ಎದ್ದರು. ಮೂರನೇ ನಂಬರು ಹಿಡಿದಿದ್ದವನು ಊರಿಗೆ ಬಂದಾಗ ನೋಡೋಣ ಎಂದ. ಉಳಿದದ್ದು ಎರಡು ಮಳಿಗೆ, ಇಸ್ಮಾಯಿಲನ ಏಳು, ಇನ್ನೊಬ್ಬನ ಎರಡು. ಆರಕ್ಕೆ ನಾಲ್ಕು ಕಡಿಮೆ. ಹುಬ್ಬಳ್ಳಿಯವನ ಬೋರ್ಡು ಅಲ್ಲಿಯೇ ಬರೆದು ಮುಗಿದ ಹಾಗಾಯಿತು. ಅಳು ಬಂತು ಎಂದರೆ ಜನ ನಗುತ್ತಾರೇನೋ, ಆದರೆ ಬಂದದ್ದು ನಿಜ. ನಕ್ಷೆ ಸುತ್ತುವ ನೆಪದಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತೆ.

ನಕ್ಷೆಯ ಇನ್ನೊಂದು ತುದಿಯನ್ನು ಇಸ್ಮಾಯಿಲ್ ಬಂದು ಹಿಡಿದುಕೊಂಡ.

ಖಾಡಿಯ ಆ ದಂಡೆ

ಮರುದಿನ ನನ್ನ ವಿಮಾನ. ಹೊರಡುವ ಮುಂಚೆ ಒಮ್ಮೆ ಆಚೆ ದಂಡೆಗೆ ಹೋಗಿ ಬರೂಣು ಬರ್ರಿ ಎಂದ ಇಸ್ಮಾಯಿಲ್. ಹೊತ್ತು ಇಳಿಯುತ್ತಿತ್ತು. ದೋಣಿಯಲ್ಲಿ ನಾವಿಬ್ಬರು, ಇನ್ನು ಐದಾರು ಜನ ಕೂಲಿಗಳು. ನೀರಿನ ಮೇಲೆ ತಾಮ್ರದ ಬಣ್ಣ ಬಿದ್ದಿತ್ತು. ಇಂಜಿನಿನ ಸದ್ದಿಗೆ ಕಣ್ಣು ತಾನಾಗಿಯೇ ಮುಚ್ಚುತ್ತಿತ್ತು. ಅಷ್ಟು ಸೋತಿದ್ದರೂ ಆ ಗಾಳಿ ನನಗೆ ಹಿತವಾಗಿತ್ತು ಎಂಬುದು ಈಗ ನೆನೆದರೆ ಆಶ್ಚರ್ಯ.

‘ಏಳು ನನಗ ಬ್ಯಾಡ ಅಂತ ಹೇಳಬೇಕು ಅಂತ ಮಾಡಿದ್ದೆ ಅಣ್ಣಾ. ಬಾಯಿ ಬರಲಿಲ್ಲ. ನಮ್ಮಾಕಿಗೆ ಚೊಲೋ ಆಗತೈತಿ’ ಎಂದ.

‘ಇರಲಿ ಬಿಡು. ನಾ ಸುಳ್ಳು ಹೇಳಿದ್ದಕ್ಕ ನೀ ನೌಕರಿ ಕಳಕೊಂಡಿ.’

‘ಸುಳ್ಳು ಅಂತ ನನಗ ಗೊತ್ತಿತ್ರಿ.’

ನಾನು ಕಣ್ಣು ತೆರೆದೆ.

‘ಆ ಗೋಡಿ ನನಗ ಗೊತ್ತಿಲ್ಲೇನ್ರಿ? ನಾ ಸೈಕಲ್ ಕಲತದ್ದು ಅಲ್ಲೇ. ಗುದ್ದಿ ಹಲ್ಲು ಮುರಕೊಂಡಿದ್ದೂ ಅದಕ್ಕ.’ ತುಟಿ ಸರಿಸಿ ತೋರಿಸಿದ. ಮುಂದಿನ ಹಲ್ಲು ಅರ್ಧವೇ ಇತ್ತು. ‘ಹನ್ನೊಂದನೇದು ಅಲ್ಲೇ ಬಂದೈತೆಲಾ ಅಂತ ಕೇಳಿದೆ. ಸಾಲಿ ಹುಡುಗ್ಯಾರು ಅಂದಕೂಡ್ಲೆ ನೀವು ಕಟ್ಟಿ ಹೇಳಾಕತ್ತೀರಿ ಅಂತ ತಿಳೀತು.’

‘ಮತ್ತ ನೌಕರಿ ಯಾಕ ಬಿಟ್ಟಿ ಮಾರಾಯ?’

ಅವನು ಕೈಯನ್ನು ನೀರಿಗೆ ಬಿಟ್ಟ.

‘ಕಥಿಯೊಳಗ ನಮ್ಮಾಕಿ ಇದ್ಲು. ಮಗಳಿದ್ಲು. ಗಿರಾಕಿ ಇದ್ರು. ಬಾಜೂದಾಂವ ಚಾ ಕಳಿಸಿದ. ಸಂಜಿಮುಂದ ಯಾರೋ ದಾರಿಗೆ ಹೋಗಾಂವ ಬಂದು ಶಟರ್ ಎಳದುಕೊಟ್ಟ ಅಂದ್ರಿ.’

‘ಹೌದು, ಅಂದೆ.’

‘ಅಂವ ಯಾಕ ಬರಬೇಕ್ರಿ? ಆ ಶಟರ್ ನಾ ಎಳೀಬೇಕಿತ್ತಲ್ರಿ. ನಾ ನಿಮ್ಮ ಎದುರಿಗೇ ನಿಂತಿದ್ದೆ ಅಣ್ಣಾ. ಸುಳ್ಳ ಕಟ್ಟಿ ಹೇಳೂ ಮುಂದನೂ ನಾ ನಿಮಗ ನೆನಪಾಗಲಿಲ್ಲ.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನೀರಿನಿಂದ ಕೈ ತೆಗೆದು ಆ ದೊಡ್ಡ ಅಂಗಿಗೆ ಒರೆಸಿಕೊಂಡ. ನಾನು ಏನಾದರೂ ಹೇಳಬೇಕಿತ್ತು. ಮಾತಿನ ಮೇಲೆ ಬದುಕುವವನು ನಾನು. ದೋಣಿ ದಂಡೆಗೆ ತಾಗಿ, ಕೂಲಿಗಳೆಲ್ಲ ಇಳಿದು ಹೋದ ಮೇಲೆ, ದೋಣಿಯವನು ಚಾಚಿದ ಕೈಗೆ ಇಬ್ಬರ ದುಡ್ಡೂ ಹಾಕಿದೆ.